ಟರ್ಬೋ ಸದ್ದು ಹಿಡಿದುಕೊಟ್ಟ ಅಣ್ಣನಿಗೆ ಥ್ಯಾಂಕ್ಸ್

ನಿಮ್ಮ ಹೆಸರು ಗೊತ್ತಿಲ್ಲ ಅಣ್ಣಾ, ಆದ್ರೂ ಹೇಳ್ಲೇಬೇಕು, ತುಂಬಾ ಥ್ಯಾಂಕ್ಸ್. 3 ಲಕ್ಷ ಕಿಲೋಮೀಟರ್ ದಾಟಿರೋ ಡೀಸೆಲ್ ಪಿಕಪ್ಪು, ಲೋಡ್ ಹಾಕಿ ಏರು ಹತ್ತಿಸಿದ್ರೆ ಸೈರನ್ ತರ ಕುಯ್ಯೋ ಅಂತಿತ್ತು, ಕೇಳಿದೋರೆಲ್ಲ ಟರ್ಬೋ (ಇಂಜಿನ್ನಿಗೆ ಗಾಳಿ ಒತ್ತಿ ತುಂಬೋ ಭಾಗ) ಹೋಗಿದೆ ಹೊಸದು ಹಾಕ್ಸಿ ಅಂದ್ರು. ಮೊದ್ಲು ಬಿಚ್ಚಿ ನೋಡೋಣ ಅಂದಿದ್ದು ನೀವೊಬ್ರೇ. ಇಂಜಿನ್ ತಣ್ಣಗಾದ್ಮೇಲೆ ಏರ್ ಫಿಲ್ಟರ್ ಕಡೆ ಹೋಸ್ ತೆಗೆದು, ಟರ್ಬೋ ಒಳಗೆ ಗಾಳಿ ಒತ್ತೋ ಚಕ್ರ, ಅಂದ್ರೆ ಕಂಪ್ರೆಸರ್ ವೀಲನ್ನ ಬೆರಳಲ್ಲಿ ತಿರುಗ್ಸಿ, ಶಾಫ್ಟ್ ಅಕ್ಕಪಕ್ಕ ಚೂರು ಅಲ್ಲಾಡೋದು ಮಾಮೂಲು, ಓಡುವಾಗ ಆಯಿಲ್ ಪದರ ಅದನ್ನ ಮಧ್ಯಕ್ಕೆ ಹಿಡ್ಕೊಳ್ಳುತ್ತೆ, ಆದ್ರೆ ಕೈಗೆ ಗೊತ್ತಾಗೋಷ್ಟು ಹಿಂದೆ ಮುಂದೆ ಆಡಿದ್ರೆ ಇಲ್ಲಾ ಬ್ಲೇಡು ಹೌಸಿಂಗಿಗೆ ತಾಗಿ ಗೀರು ಬಿದ್ದಿದ್ರೆ ಬೇರಿಂಗ್ ಸವೆದಿದೆ ಅಂತ ತೋರಿಸಿಕೊಟ್ರಲ್ಲ, ಅಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ಗೀರು ಇರ್ಲಿಲ್ಲ, ಆಯಿಲ್ ಸುಟ್ರೆ ಬರೋ ನೀಲಿ ಹೊಗೆನೂ ಇಲ್ಲ. ಆಮೇಲೆ ಇಂಟರ್‌ಕೂಲರ್ (ಟರ್ಬೋ ಒತ್ತಿದ ಬಿಸಿ ಗಾಳಿನ ತಣ್ಣಗೆ ಮಾಡೋದು) ಹೋಸಿನ ತಳಭಾಗಕ್ಕೆ ಕೈ ಆಡಿಸ್ದಾಗ ಸಿಕ್ತು ನೋಡಿ, ಕ್ಲಾಂಪ್ ಪಕ್ಕದಲ್ಲೇ ಆಯಿಲ್ ಜಿಡ್ಡು ಕಟ್ಟಿದ್ದ ಸಣ್ಣ ಸೀಳು, ಬೂಸ್ಟ್, ಅಂದ್ರೆ ಟರ್ಬೋ ಒತ್ತೋ ಗಾಳಿಯ ಒತ್ತಡ, ಏರಿದಾಗ ಮಾತ್ರ ಬಾಯಿ ಬಿಡ್ತಿತ್ತು. ಹೋಸ್ ಬದಲಾಯಿಸಿದ್ಮೇಲೆ ಸದ್ದು ನಿಂತೋಯ್ತು, ಪುಲ್ಲಿಂಗೂ ವಾಪಸ್ ಬಂತು. ಟರ್ಬೋಗೆ ಆಯಿಲ್ ಹೋಗೋ ಪೈಪಲ್ಲಿ ಕರಿ ಕಟ್ಟಿದ್ಯಾ ನೋಡಿಸಿ ಅಂದಿದ್ರಲ್ಲ, ಮುಂದಿನ ಆಯಿಲ್ ಚೇಂಜಲ್ಲಿ ಅದನ್ನೂ ಮಾಡಿಸ್ತೀನಿ ಅಣ್ಣಾ.