ಅನಿಮೆ ಹೇಳುವ ಮುಂಚೆ ಅಳತೆ ತೆಗೆಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ನೋಡಲೇಬೇಕಾದ ಹತ್ತು ಅನಿಮೆ (ಜಪಾನಿನ ಕಾರ್ಟೂನ್) ಸರಣಿಗಳ ಪಟ್ಟಿ ಹಾಕಿದ್ದಿರಿ. ಅನಿಮೆಗೆ ಅರ್ಧ ಪುಟ ಸಿಕ್ಕಿದ್ದು ನೋಡಿ ನಿಜಕ್ಕೂ ಖುಷಿಯಾಯಿತು. ಆದರೆ ಓದಿ ಮುಗಿಸುವ ಹೊತ್ತಿಗೆ ಕಸಿವಿಸಿ ಶುರುವಾಯಿತು. ಹತ್ತು ಹೆಸರು, ಹತ್ತು ಚಿತ್ರ, ಪ್ರತಿಯೊಂದರ ಮುಂದೆಯೂ 'ಅದ್ಭುತ', 'ತಪ್ಪದೇ ನೋಡಿ'. ಯಾರಿಗೆ ಅದ್ಭುತ? ಹತ್ತು ವರ್ಷದ ಮಗುವಿಗಾ, ಎಪ್ಪತ್ತು ದಾಟಿದ ಅಜ್ಜನಿಗಾ? ಅದೊಂದು ಮಾತು ಎಲ್ಲೂ ಇರಲಿಲ್ಲ.

ನಾನು ಹೊಲಿಗೆ ಕೆಲಸದವಳು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಅಳತೆ ತೆಗೆಯದೆ ಯಾರ ಬಟ್ಟೆಗೂ ಕತ್ತರಿ ಹಾಕಿದವಳಲ್ಲ. ಆದರೆ ಅನಿಮೆ ವಿಷಯದಲ್ಲಿ ಒಂದು ಸಲ ಹಾಗೆ ಮಾಡಿಬಿಟ್ಟೆ. ಅದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತದೆ. ಅದಕ್ಕೇ ಈ ಪತ್ರ.

ನಿಮ್ಮ ಪಟ್ಟಿಯಂಥದ್ದೇ ಒಂದು ಪಟ್ಟಿಯನ್ನು ನಂಬಿ, ನನ್ನ ಅಕ್ಕನ ಮಗಳಿಗೆ 'ಮೇಡ್ ಇನ್ ಅಬಿಸ್' ಹಾಕಿಕೊಟ್ಟೆ. 2017ರ ಸರಣಿ, 13 ಕಂತು. ಮೊದಲ ಕಂತು ನೋಡಿದರೆ ಯಾರಾದರೂ ಮಕ್ಕಳದ್ದು ಅಂತಲೇ ಹೇಳುತ್ತಾರೆ. ದುಂಡು ಕೆನ್ನೆಯ ರಿಕೊ ಎನ್ನುವ ಹುಡುಗಿ, ಅವಳ ಜೊತೆಗೆ ರೆಗ್ ಎನ್ನುವ ರೋಬೋಟ್ ಹುಡುಗ. ತಳವೇ ಕಾಣದ ಒಂದು ದೊಡ್ಡ ಗುಂಡಿಯೊಳಗೆ ಇಬ್ಬರೂ ಇಳಿಯುತ್ತಾ ಹೋಗುತ್ತಾರೆ. ರಿಕೊಗೆ ತಾಯಿಯನ್ನು ಹುಡುಕಬೇಕು. ಹಸಿರು, ಮಂಜು, ವಿಚಿತ್ರ ಪ್ರಾಣಿಗಳು, ಕಣ್ಣಿಗೆ ಹಬ್ಬ. ಎರಡು ಕಂತು ನಾನೂ ಜೊತೆಗೆ ಕೂತು ನೋಡಿದೆ. ಆಮೇಲೆ ಕೆಲಸದ ಒತ್ತಡ ಅಂತ ಮೆಷಿನ್ ಮುಂದೆ ಹೋಗಿ ಕೂತೆ. ಅಲ್ಲಿಂದ ಹತ್ತನೇ ಕಂತಿನವರೆಗೆ ಅವಳು ಒಬ್ಬಳೇ ನೋಡಿದಳು.

ಹತ್ತನೇ ಕಂತಿನಲ್ಲಿ ಒಂದು ಪ್ರಾಣಿಯ ವಿಷದ ಮುಳ್ಳು ರಿಕೊಳ ಕೈಯನ್ನು ತೂರಿಕೊಂಡು ಹೋಗುತ್ತದೆ. ವಿಷ ಏರುತ್ತದೆ. ಕೈ ಮುರಿದು ಕತ್ತರಿಸಿಬಿಡು ಅಂತ ಅವಳೇ ರೆಗ್‌ನನ್ನು ಬೇಡಿಕೊಳ್ಳುತ್ತಾಳೆ. ಅದನ್ನು ಮರೆಮಾಚದೆ ತೋರಿಸುತ್ತಾರೆ, ಆ ಮಗುವಿನ ಕೂಗಿನ ಸಮೇತ. ನಮ್ಮ ಹುಡುಗಿಗೆ ಆಗ ಹತ್ತು ವರ್ಷ. ಆ ವಾರವೆಲ್ಲಾ ದೀಪ ಹಾಕಿಕೊಂಡೇ ಮಲಗಿದಳು. ಒಂದು ಕೈಯನ್ನು ಹೊದಿಕೆಯೊಳಗೆ ಹೊಟ್ಟೆಗೆ ಒತ್ತಿ ಹಿಡಿದುಕೊಂಡಿದ್ದಳು. ಯಾಕೆ ಹಾಗೆ ಮಲಗಿದೀಯ ಅಂದರೆ, "ಕೈ ಒಳಗಿರಲಿ ಚಿಕ್ಕಮ್ಮ" ಅಂದಳು. ಅಷ್ಟೇ.

ಆಮೇಲೆ ನಾನು ಆ ಸರಣಿಯನ್ನು ಪೂರ್ತಿ ನೋಡಿದೆ. ಅದು ಕೆಟ್ಟದ್ದಲ್ಲ. ನಾನು ನೋಡಿದ ಒಳ್ಳೆಯ ಸರಣಿಗಳಲ್ಲಿ ಅದೂ ಒಂದು. ಆದರೆ ಅದು ದೊಡ್ಡವರಿಗೆ, ಅದರಲ್ಲೂ ನೋವನ್ನು ನೋಡಿ ತಡೆದುಕೊಳ್ಳುವ ದೊಡ್ಡವರಿಗೆ. ಪಟ್ಟಿ ಮಾಡಿದವರು ಇಷ್ಟು ಒಂದು ಸಾಲಿನಲ್ಲಿ ಹೇಳಬಹುದಿತ್ತು. ನಾನೂ ಪೂರ್ತಿ ಕೂತು ನೋಡಬೇಕಿತ್ತು.

ಅವತ್ತಿನಿಂದ ಯಾರಾದರೂ ಅನಿಮೆ ಹೇಳಿ ಅಂದರೆ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಈಚೆಗೆ ಯಾವ ಕಥೆಯನ್ನು ಅರ್ಧಕ್ಕೆ ಬಿಡೋಕೆ ಆಗಲಿಲ್ಲ? ಪುಸ್ತಕವಾಗಲಿ, ಧಾರಾವಾಹಿಯಾಗಲಿ, ಸಿನಿಮಾವಾಗಲಿ, ಏನಾದರೂ ಸರಿ. ಎರಡನೆಯದು, ಏನು ತೋರಿಸಿದರೆ ಎದ್ದು ಹೋಗುತ್ತೀರಿ? ಎರಡನೇ ಪ್ರಶ್ನೆಯೇ ಜಾಸ್ತಿ ಕೆಲಸಕ್ಕೆ ಬರುತ್ತದೆ. ಏನು ಇಷ್ಟ ಅಂತ ಹೇಳೋಕೆ ಜನ ತಡವರಿಸುತ್ತಾರೆ. ಏನು ಆಗಲ್ಲ ಅನ್ನೋದನ್ನು ತಕ್ಷಣ ಹೇಳುತ್ತಾರೆ.

ನಮ್ಮ ಮಾವನವರು ಇಡೀ ಆಯುಸ್ಸು ಪತ್ತೇದಾರಿ ಕಾದಂಬರಿ ಓದಿದವರು. "ಈ ವಯಸ್ಸಲ್ಲಿ ನನಗೆ ಕಾರ್ಟೂನ್ ಯಾಕಮ್ಮ?" ಅಂದರು. ಹಾರಾಟ, ಮಂತ್ರ, ರಾಕ್ಷಸರು ಅವರಿಗೆ ಆಗಿಬರಲ್ಲ. ಅವರಿಗೆ 'ಮಾನ್‌ಸ್ಟರ್' ಹಾಕಿದೆ. ನವೋಕಿ ಉರಸಾವಾ ಅವರ ಮಾಂಗಾವನ್ನು, ಅಂದರೆ ಜಪಾನಿ ಚಿತ್ರಕಥೆಯನ್ನು, ಆಧರಿಸಿದ 2004ರ ಸರಣಿ. ಕಥೆ ಶುರುವಾಗುವುದು 1986ರ ಜರ್ಮನಿಯಲ್ಲಿ, ಡ್ಯೂಸೆಲ್‌ಡಾರ್ಫ್ ನಗರದ ಒಂದು ಆಸ್ಪತ್ರೆಯಲ್ಲಿ. ಟೆನ್ಮಾ ಅನ್ನುವ ಜಪಾನಿ ಮೆದುಳು ಶಸ್ತ್ರಚಿಕಿತ್ಸಕ. ತಲೆಗೆ ಗುಂಡು ಬಿದ್ದ ಹುಡುಗನೊಬ್ಬ ಮೊದಲು ಬರುತ್ತಾನೆ, ಆಮೇಲೆ ಮೇಯರ್ ಬರುತ್ತಾರೆ. ಮೇಯರ್ ಅವರನ್ನು ನೋಡು ಅಂತ ಮೇಲಿನವರ ಅಪ್ಪಣೆ. ಟೆನ್ಮಾ ಮೊದಲು ಬಂದ ಹುಡುಗನನ್ನೇ ಉಳಿಸುತ್ತಾನೆ. ಮೇಯರ್ ಸಾಯುತ್ತಾರೆ. ಒಂಬತ್ತು ವರ್ಷ ಕಳೆದ ಮೇಲೆ ಗೊತ್ತಾಗುತ್ತದೆ, ತಾನು ಉಳಿಸಿದ ಹುಡುಗ ಎಂಥವನಾಗಿ ಬೆಳೆದಿದ್ದಾನೆ ಅಂತ. ಮಾವನವರು ನಾಲ್ಕನೇ ಕಂತಿನ ಹೊತ್ತಿಗೆ ಕುರ್ಚಿಯನ್ನು ಟಿವಿಗೆ ಹತ್ತಿರ ಎಳೆದುಕೊಂಡಿದ್ದರು.

ಹತ್ತಿರ ಎಳೆದುಕೊಂಡಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ನನಗೆ ಅದು ತಡವಾಗಿ ಹೊಳೆಯಿತು. ಸಬ್‌ಟೈಟಲ್ ಎರಡು ಸಾಲು ಬಂದರೆ, ಕೆಳಗಿನ ಸಾಲು ಓದುವಷ್ಟರಲ್ಲಿ ಮಾಯವಾಗುತ್ತಿತ್ತು. ಅವರು ಹೇಳಲಿಲ್ಲ, ಸುಮ್ನೆ ಅಂದಾಜಿನಲ್ಲಿ ಕಥೆ ಕಟ್ಟಿಕೊಳ್ಳುತ್ತಿದ್ದರು. ಆಮೇಲೆ ಇಂಗ್ಲಿಷ್ ಡಬ್ಬಿಂಗ್‌ಗೆ ಬದಲಾಯಿಸಿದೆವು. ದಿನಕ್ಕೊಂದರಂತೆ ಎರಡೂವರೆ ತಿಂಗಳಲ್ಲಿ 74 ಕಂತೂ ಮುಗಿಸಿದರು. ಮೂಲ ಜಪಾನಿ ದನಿಯಲ್ಲೇ ನೋಡಬೇಕು, ಡಬ್ಬಿಂಗ್ ನೋಡುವವರು ನಿಜವಾದ ಅಭಿಮಾನಿಗಳಲ್ಲ ಅಂತ ವಾದ ಮಾಡುವವರಿದ್ದಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ನಾನು ಕಾಜಾ ಹಾಕುವಾಗ, ಅಂಚು ಮಡಿಚಿ ಹೊಲಿಯುವಾಗ ಕಣ್ಣು ಸೂಜಿಯ ಮೇಲಿರಬೇಕು. ಆಗ ಕಿವಿಗೆ ಬೀಳುವ ಭಾಷೆ ಅರ್ಥವಾಗುವಂಥದ್ದೇ ಇರಬೇಕು, ಅಲ್ವಾ? ಕೈ ಖಾಲಿ ಇದ್ದಾಗ ಜಪಾನಿ ದನಿ, ಸಬ್‌ಟೈಟಲ್. ಎರಡೂ ನೋಡುವುದೇ.

ಇಲ್ಲಿ ಒಂದು ವಿಷಯ ಹೇಳಲೇಬೇಕು. 'ಮಾನ್‌ಸ್ಟರ್' ನಿರ್ದೇಶಿಸಿದ ಮಸಯುಕಿ ಕೊಜಿಮಾ ಅವರೇ 'ಮೇಡ್ ಇನ್ ಅಬಿಸ್' ನಿರ್ದೇಶಕರು. ಅದನ್ನು ತಯಾರಿಸಿದ ಕಿನೆಮಾ ಸಿಟ್ರಸ್ ಸ್ಟುಡಿಯೋದಿಂದಲೇ 2014ರಲ್ಲಿ 'ಬರಾಕಮಾನ್' ಬಂದಿತ್ತು. ಅದನ್ನು ನಾನು ಯಾವ ಮಗುವಿನ ಕೈಗೆ ಬೇಕಾದರೂ ಧೈರ್ಯವಾಗಿ ಕೊಡುತ್ತೇನೆ. ಹಾಗಾಗಿ ಇದೇ ನಿರ್ದೇಶಕರದ್ದು, ಇದೇ ಸ್ಟುಡಿಯೋದ್ದು ಅಂತ ನಂಬಿ ಹೇಳುವುದಕ್ಕೂ ಆಗುವುದಿಲ್ಲ. 'ಶೋನೆನ್' ಅನ್ನೋ ಹಣೆಪಟ್ಟಿಯ ಕಥೆಯೂ ಅಷ್ಟೇ. ಹುಡುಗರಿಗಾಗಿ ಇರುವ ಪತ್ರಿಕೆಯಲ್ಲಿ ಮಾಂಗಾ ಬಂತು ಅಂತ ಅದರ ಅರ್ಥ, ಕಥೆ ಯಾವ ಬಗೆಯದ್ದು ಅಂತಲ್ಲ. ಹೆಸರು ಬರೆದರೆ ಜನ ಸಾಯುವ 'ಡೆತ್ ನೋಟ್' ವೀಕ್ಲಿ ಶೋನೆನ್ ಜಂಪ್‌ನಲ್ಲಿ ಬಂದದ್ದು. ರಾಕ್ಷಸ ರಾಜನನ್ನು ಸೋಲಿಸಿ ಊರಿಗೆ ಮರಳಿದ ಮೇಲೆ ಶುರುವಾಗುವ 'ಫ್ರೀರೆನ್' ವೀಕ್ಲಿ ಶೋನೆನ್ ಸಂಡೇಯಲ್ಲಿ ಬಂದದ್ದು. ಎರಡನ್ನೂ ಅನಿಮೆ ಮಾಡಿದ್ದು ಮ್ಯಾಡ್‌ಹೌಸ್ ಸ್ಟುಡಿಯೋನೇ. ಒಂದು ಉಸಿರು ಬಿಗಿ ಹಿಡಿಸುತ್ತದೆ, ಇನ್ನೊಂದು ನಿಧಾನಕ್ಕೆ ಉಸಿರಾಡೋಕೆ ಬಿಡುತ್ತದೆ. ಒಂದನ್ನು ಮೆಚ್ಚಿದವರಿಗೆ ಇನ್ನೊಂದು ರುಚಿಸಲೇಬೇಕು ಅಂತೇನಿಲ್ಲ.

ನಮ್ಮ ಮನೆಯವರ ವಿಷಯ ಸುಲಭವಾಯಿತು. ಹೈಸ್ಕೂಲಿನಲ್ಲಿ ವಾಲಿಬಾಲ್ ಆಡಿದವರು, ಆಟ ಬಿಟ್ಟು ಟಿವಿಯಲ್ಲಿ ಬೇರೇನೂ ನೋಡದವರು. 'ಹೈಕ್ಯೂ' ಹಾಕಿದೆ. ಕುಳ್ಳ ಹುಡುಗ ಹಿನಾಟಾ ಕಣ್ಣು ಮುಚ್ಚಿಕೊಂಡು ಎಗರಿ ಕೈ ಬೀಸುತ್ತಾನೆ, ಕಗೆಯಾಮಾ ಸರಿಯಾಗಿ ಆ ಅಂಗೈಗೇ ಚೆಂಡು ತಲುಪಿಸುತ್ತಾನೆ. ಆ ಜಾಗವನ್ನು "ಇನ್ನೊಂದ್ಸಲ ಹಾಕು" ಅಂತ ಮೂರು ಸಲ ನೋಡಿದರು. ಅದರ ಮೂರನೇ ಸೀಸನ್‌ನ 10 ಕಂತೂ ಒಂದೇ ಪಂದ್ಯ. ಅವರಿಗೆ ಅದು ಸಾಲಲಿಲ್ಲ. ಆಟದ ಗಂಧವೇ ಇಲ್ಲದವರನ್ನು ಅದರ ಮುಂದೆ ಕೂರಿಸಿದರೆ ಹೇಗಿರುತ್ತದೆ ಅಂತ ನೀವೇ ಯೋಚಿಸಿ.

ತಮ್ಮನಿಗೆ ಲೆಕ್ಕ, ಒಗಟು, ಕಾಲದ ಹಿಂದೆ ಮುಂದೆ ಹೋಗುವ ಕಥೆಗಳೆಂದರೆ ಪ್ರಾಣ. ಅವನಿಗೆ 2011ರ 'ಸ್ಟೈನ್ಸ್ ಗೇಟ್' ಹೇಳಿದೆ. 24 ಕಂತಿನಲ್ಲಿ ಮೊದಲರ್ಧ ನಿಧಾನ, ಹನ್ನೆರಡನೆಯದರವರೆಗೂ ತಾಳ್ಮೆ ಇಟ್ಟುಕೋ ಅಂತ ಮೊದಲೇ ಎಚ್ಚರಿಸಿದ್ದೆ. ಆ ಒಂದು ಮಾತು ಹೇಳದಿದ್ದರೆ ಮೂರಕ್ಕೇ ಬಿಡುತ್ತಿದ್ದ.

ರುಚಿ ಅಂದರೆ ಬರೀ ಇಷ್ಟಾನಿಷ್ಟ ಅಲ್ಲ. ಆ ಹೊತ್ತಿನ ಮನಸ್ಸೂ ಸೇರುತ್ತದೆ. ಇದನ್ನು ನಾನು ಕಲಿತದ್ದು ಗೆಳತಿಯೊಬ್ಬಳಿಂದ. ಅವಳ ತಾಯಿ ತೀರಿಕೊಂಡು ತಿಂಗಳೂ ಆಗಿರಲಿಲ್ಲ. ಯಾರೋ ಅವಳಿಗೆ 'ವೈಲೆಟ್ ಎವರ್‌ಗಾರ್ಡನ್' ನೋಡು, ತುಂಬಾ ಚೆನ್ನಾಗಿದೆ ಅಂದಿದ್ದರಂತೆ. ನೋಡಲಾ ಅಂತ ನನ್ನನ್ನು ಕೇಳಿದಳು. ಈಗ ಬೇಡ ಅಂದೆ.

ಅದು 2018ರಲ್ಲಿ ಕ್ಯೋಟೊ ಅನಿಮೇಷನ್ ಮಾಡಿದ 13 ಕಂತಿನ ಸರಣಿ. ಯುದ್ಧದಲ್ಲಿ ಎರಡೂ ಕೈ ಕಳೆದುಕೊಂಡ ವೈಲೆಟ್ ಲೋಹದ ಬೆರಳುಗಳಿಂದ ಟೈಪ್ ಮಾಡಿ, ಬೇರೆಯವರ ಪರವಾಗಿ ಪತ್ರ ಬರೆಯುತ್ತಾಳೆ. ಕೈಗವಸನ್ನು ಹಲ್ಲಿನಿಂದ ಕಚ್ಚಿ ಎಳೆದು ತೆಗೆಯುತ್ತಾಳೆ. ಆ ಬಟ್ಟೆ ಬೆರಳಿನಿಂದ ಬೆರಳಿಗೆ ಜಾರುವ ರೀತಿಯನ್ನು ನಾನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಬಟ್ಟೆಯನ್ನು ದಿನವೂ ಮುಟ್ಟುವವಳಿಗೆ ಗೊತ್ತಾಗುತ್ತದೆ, ಅದನ್ನು ಬಿಡಿಸಿದವರು ಎಷ್ಟು ಗಮನವಿಟ್ಟು ನೋಡಿದ್ದಾರೆ ಅಂತ. ಹತ್ತನೇ ಕಂತಿನಲ್ಲಿ ಕಾಯಿಲೆಯ ತಾಯಿಯೊಬ್ಬಳು ವೈಲೆಟ್‌ಳನ್ನು ಮನೆಗೆ ಕರೆಸುತ್ತಾಳೆ. ಏಳು ದಿನ ಇಬ್ಬರೂ ಕೂತು ಬರೆಯುತ್ತಾರೆ. ಪುಟ್ಟ ಮಗಳು ಆನ್‌ಗೆ ಸಿಟ್ಟು. ಅಮ್ಮನ ಜೊತೆ ಇರಬೇಕಾದ ಹೊತ್ತನ್ನೆಲ್ಲಾ ಯಾರೋ ಕಿತ್ತುಕೊಂಡಳು ಅಂತ. ಆ ಪತ್ರಗಳು ಯಾರಿಗೆ ಅನ್ನೋದು ಕೊನೆಗೆ ತಿಳಿಯುತ್ತದೆ. ತಾಯಿ ಹೋದ ಮೇಲೆ ಪ್ರತಿ ಹುಟ್ಟುಹಬ್ಬಕ್ಕೆ ಆನ್‌ಗೆ ಒಂದೊಂದು ಪತ್ರ ಬರುತ್ತದೆ. ಐವತ್ತು ವರ್ಷಕ್ಕಾಗುವಷ್ಟು. ಆ ಮನೆಯಲ್ಲಿ ಅಳು ತಡೆದುಕೊಂಡಿದ್ದ ವೈಲೆಟ್, ವಾಪಸ್ ಬಂದ ಮೇಲೆ ಬಿಕ್ಕಿ ಬಿಕ್ಕಿ ಅಳುತ್ತಾಳೆ.

ಇದನ್ನು ತಾಯಿಯ ಬಟ್ಟೆ ಇನ್ನೂ ಬೀರುವಿನಲ್ಲಿ ಮಡಿಚಿಟ್ಟಿರುವವಳ ಮುಂದೆ ಇಡುವುದಾ? ನಾನು ಅವಳಿಗೆ 'ಬರಾಕಮಾನ್' ಕೊಟ್ಟೆ. 12 ಕಂತು. ತನ್ನ ಬರವಣಿಗೆಯನ್ನು ಟೀಕಿಸಿದ ಹಿರಿಯರ ಮುಖಕ್ಕೆ ಗುದ್ದಿದ ಹಾಂಡಾ ಎನ್ನುವ ಕುಂಚಬರಹದ ಯುವಕ. ಅಪ್ಪ ಅವನನ್ನು ದೂರದ ಗೊಟೊ ದ್ವೀಪಕ್ಕೆ ಕಳಿಸುತ್ತಾನೆ. ಅಲ್ಲಿ ನಾರು ಅನ್ನೋ ಪುಟ್ಟ ಹುಡುಗಿ ಕೇಳದೆ ಮನೆಗೆ ನುಗ್ಗುತ್ತಾಳೆ, ಮಾತಿಗೆ ಮಾತು ಕೊಡುತ್ತಾಳೆ. ಸಮುದ್ರದ ಪಕ್ಕದ ಎತ್ತರದ ಗೋಡೆ ಹತ್ತಿಸಿ, ಆಚೆ ಮುಳುಗುತ್ತಿರುವ ಸೂರ್ಯನನ್ನು ತೋರಿಸುತ್ತಾಳೆ. ಹತ್ತದಿದ್ದರೆ ಕಾಣುತ್ತಿರಲಿಲ್ಲ. ಗೆಳತಿ ದಿನಕ್ಕೊಂದು ಕಂತು ನೋಡಿದಳು. ಐದನೇ ದಿನ ಫೋನ್ ಮಾಡಿದಾಗ ದನಿಯಲ್ಲಿ ನಗು ಇತ್ತು. 'ವೈಲೆಟ್ ಎವರ್‌ಗಾರ್ಡನ್' ಅವಳು ಎರಡು ವರ್ಷ ಬಿಟ್ಟು ನೋಡಿದಳು, ತಾನಾಗಿಯೇ.

ಇನ್ನು ಕಂತುಗಳ ಲೆಕ್ಕ. ಹೊಸಬರಿಗೆ ಮೊದಲ ದಿನವೇ 'ಒನ್ ಪೀಸ್' ಹೇಳಬೇಡಿ. 1999ರಿಂದ ಬರುತ್ತಿದೆ, ಸಾವಿರ ಕಂತು ದಾಟಿದೆ. 'ನರುಟೊ' ಎರಡೂ ಭಾಗ ಸೇರಿದರೆ 720. ಅಭಿಮಾನಿಗಳಿಗೆ ಅವು ಜೀವ ಅಂತ ನನಗೂ ಗೊತ್ತು. ಆದರೆ ರಾತ್ರಿ ಅರ್ಧ ಗಂಟೆ ಮಾತ್ರ ಬಿಡುವಿರುವವರು ಎಲ್ಲಿಗೆ ಹೋಗಿ ಮುಟ್ಟುತ್ತಾರೆ? ಅಂಥವರಿಗೆ 'ಮುಶಿಶಿ' ಇದೆ. 26 ಕಂತು, ಒಂದೊಂದೂ ಬೇರೆ ಕಥೆ. ತಿಂಗಳು ಬಿಟ್ಟು ಬಂದರೂ ಎಳೆ ತಪ್ಪುವುದಿಲ್ಲ. ಗಿಂಕೊ ಅನ್ನೋ ಬಿಳಿಗೂದಲಿನವನು ಹಳ್ಳಿ ಹಳ್ಳಿ ಸುತ್ತುತ್ತಾ, ಕಣ್ಣಿಗೆ ಕಾಣದ ಜೀವಿಗಳಿಂದ ಕಷ್ಟಪಡುವ ಜನಕ್ಕೆ ದಾರಿ ಹುಡುಕುತ್ತಾನೆ. ಜಗಳವಿಲ್ಲ, ಗದ್ದಲವಿಲ್ಲ. ಅಲ್ಲೊಂದು ಇಲ್ಲೊಂದು ಸಾವು ಬರುತ್ತದೆ, ಹೆದರಿಸುವ ಜೀವಿಗಳೂ ಬರುತ್ತವೆ. ಹಾಗಾಗಿ ಚಿಕ್ಕ ಮಕ್ಕಳಿಗೆ ಬೇಡ. ನೋಡಿ, ಇಷ್ಟು ಹೇಳೋಕೆ ನನಗೆ ಹಿಡಿದದ್ದು ನಾಲ್ಕು ಸಾಲು.

ನಾನು ನಿಮ್ಮನ್ನು ಕೇಳುವುದೂ ಅಷ್ಟೇ. ಪಟ್ಟಿ ನಿಲ್ಲಿಸಬೇಡಿ. ಹತ್ತು ಹೆಸರಿನ ಬದಲು ಐದೇ ಹಾಕಿ, ಚಿತ್ರ ಸ್ವಲ್ಪ ಚಿಕ್ಕದಾದರೂ ಪರವಾಗಿಲ್ಲ. ಪ್ರತಿಯೊಂದರ ಪಕ್ಕ ಎಷ್ಟು ಕಂತು, ಯಾವ ವಯಸ್ಸಿನ ಮೇಲಿನವರಿಗೆ, ಡಬ್ಬಿಂಗ್ ಇದೆಯಾ ಅಂತ ಬರೆಯಿರಿ. ರಕ್ತ, ಸಾವು, ಮಕ್ಕಳಿಗೆ ನೋವಾಗುವ ದೃಶ್ಯ ಇದ್ದರೆ ಮುಚ್ಚುಮರೆ ಇಲ್ಲದೆ ಹೇಳಿ. ಎಂಥ ಕಥೆ ಮೆಚ್ಚುವವರಿಗೆ ಹಿಡಿಸುತ್ತದೆ ಅಂತ ಒಂದು ಸಾಲು ಸೇರಿಸಿ. ಕಾರ್ಟೂನ್ ತಾನೇ ಅಂತ ಪಟ್ಟಿಯನ್ನು ನಂಬಿ ಮಕ್ಕಳ ಕೈಗೆ ರಿಮೋಟ್ ಕೊಡುವವರು ನನ್ನಂತೆ ಇನ್ನೂ ಬಹಳ ಜನ ಇರುತ್ತಾರೆ.

ಅಕ್ಕನ ಮಗಳಿಗೆ ಈಗ ಹದಿನೈದು. ಅನಿಮೆ ಬಿಟ್ಟಿಲ್ಲ, ಅದೇ ನನಗೆ ಸಮಾಧಾನ. ಹೋದ ತಿಂಗಳು 'ಮೇಡ್ ಇನ್ ಅಬಿಸ್' ಹೆಸರು ತಾನಾಗಿ ಎತ್ತಿ, ಉಳಿದ ಮೂರು ಕಂತು ನೋಡಬೇಕು, ನೀನೂ ಪಕ್ಕದಲ್ಲಿ ಕೂರಬೇಕು ಅಂದಳು. ಮೆಷಿನ್‌ಗೆ ಬಟ್ಟೆ ಮುಚ್ಚಿ ಕೂತೆ.

ನಾನು ನೋಡಿದ ಸರಣಿಗಳ ಬಗ್ಗೆ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದಿಟ್ಟಿದ್ದೇನೆ. ಯಾವ ಕಂತಿನಲ್ಲಿ ಏನಿದೆ, ಯಾರಿಗೆ ಆಗಬಹುದು, ಯಾರಿಗೆ ಬೇಡ ಅಂತ. ಮುಂದಿನ ಪಟ್ಟಿ ಮಾಡುವಾಗ ಬೇಕಾದರೆ ಹೇಳಿ, ನೀಟಾಗಿ ನಕಲು ಮಾಡಿ ಕಳಿಸಿಕೊಡುತ್ತೇನೆ.

ಇತಿ,
ನಿಮ್ಮ ಓದುಗರಲ್ಲಿ ಒಬ್ಬಳು