ಚಳ್ಳಕೆರೆಯ ಗೆಳೆಯನಿಗೆ, ಕಾನ್ಸಾಸ್ ಬಯಲಿನಿಂದ

ಪ್ರೀತಿಯ ಗೆಳೆಯಾ,

ಕಾನ್ಸಾಸ್ ಸಿಟಿಯಿಂದ ಡೆನ್ವರ್‌ಗೆ ಸುಮಾರು 600 ಮೈಲಿ. ಇಲ್ಲಿಯವರು ಬೆಳಿಗ್ಗೆ ಹೊರಟು ಸಂಜೆಗೆ ಸೇರಿಬಿಡುತ್ತಾರೆ. "ಮಧ್ಯೆ ನೋಡೋಕೆ ಏನೂ ಇಲ್ಲ, ಬರೀ ಬಯಲು" ಅಂತ ಆಫೀಸಿನಲ್ಲಿ ಎಲ್ಲರೂ ಹೇಳಿದರು. ಆ ಮಾತು ಕೇಳಿದ ಮೇಲೆಯೇ ನಾನು ನಾಲ್ಕು ದಿನ ರಜೆ ಹಾಕಿದ್ದು. ನಮ್ಮೂರ ಹುಲ್ಲುಗಾವಲು, ಆ ಅಮೃತಮಹಲ್ ಕಾವಲನ್ನೂ ಜನ ಹೀಗೇ ಅಂತಿದ್ದರು, ಅಲ್ವಾ? ಬರಡು ನೆಲ, ಏನೂ ಬೆಳೆಯಲ್ಲ ಅಂತ. ನಾವಿಬ್ಬರೂ ಅದೇ ಬರಡಿನಲ್ಲಿ ಕೃಷ್ಣಮೃಗ ನೋಡುತ್ತಾ ಬೆಳೆದವರು.

ಮೊದಲ ದಿನ ಫ್ಲಿಂಟ್ ಹಿಲ್ಸ್, ಕಾನ್ಸಾಸ್‌ನ ಹುಲ್ಲಿನ ಗುಡ್ಡಗಳು. ಆಗಸ್ಟ್ ಆದ್ದರಿಂದ ಹುಲ್ಲು ನನ್ನ ಎದೆ ಮುಟ್ಟುತ್ತಿತ್ತು, ಮಗಳು ಅದರೊಳಗೆ ಕಾಣಿಸಲೇ ಇಲ್ಲ. ಇಂಥ ಎತ್ತರದ ಹುಲ್ಲಿನ ಬಯಲು ಅಮೆರಿಕದಲ್ಲಿ ಈಗ ಉಳಿದಿರುವುದು ಮೊದಲಿದ್ದುದರ ನೂರಕ್ಕೆ 4 ಪಾಲಿಗಿಂತ ಕಡಿಮೆ. ಮಿಕ್ಕಿದ್ದನ್ನೆಲ್ಲ ಉತ್ತು ಹೊಲ ಮಾಡಿದರು. ಇಲ್ಲಿ ಮಾತ್ರ ಮೇಲುಮಣ್ಣು ತೆಳು, ಕೆಳಗೆ ಸುಣ್ಣದಕಲ್ಲು, ಚಕಮಕಿ ಕಲ್ಲು. ನೇಗಿಲು ಇಳಿಯಲಿಲ್ಲ, ಹುಲ್ಲು ಉಳಿಯಿತು. 1996ರಲ್ಲಿ ಒಂದಷ್ಟು ಜಾಗವನ್ನು ಸರ್ಕಾರವೇ ಕಾಪಾಡುವುದಕ್ಕೆಂದು ಗುರುತಿಸಿತು. ದೂರದಲ್ಲಿ ಕಾಡೆಮ್ಮೆಯಂಥ ಬೈಸನ್ ಹಿಂಡು ಮೇಯುತ್ತಿತ್ತು. ಸಂಶೋಧನಾ ಸಂಸ್ಥೆಗಳಿಗೆ ಜಾಗ ಕೊಟ್ಟ ಮೇಲೆ ನಮ್ಮ ಕಾವಲಿಗೆ ಎದ್ದಿರುವ ಗೋಡೆ ನೆನಪಾಗಿ ತುಂಬಾ ಹೊತ್ತು ಮಾತೇ ಬರಲಿಲ್ಲ ನನಗೆ.

ಎರಡನೇ ರಾತ್ರಿ ವಿಲ್ಸನ್ ಲೇಕ್ ದಡದಲ್ಲಿ ಟೆಂಟ್ ಹಾಕಿದೆವು. ಆ ಸೀಮೆಯಲ್ಲಿ ಮರ ಕಡಿಮೆ. ಅದಕ್ಕೇ ಹಿಂದೆ ಬಂದು ನೆಲೆಸಿದವರು ನಮ್ಮ ಕಡೆಯ ಹಾಗೆಯೇ ಬೇಲಿಗೆ ಕಲ್ಲುಕಂಬ ನೆಟ್ಟಿದ್ದಾರೆ. ಆ ಸುಣ್ಣದಕಲ್ಲು ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ. ನಡುರಾತ್ರಿ ಎದ್ದ ಗಾಳಿಗೆ ಟೆಂಟಿನ ಎರಡು ಗೂಟ ಕಿತ್ತು ಬಂದವು. ಮೂವರೂ ಕಾರಿನೊಳಗೆ ಓಡಿ, ನೀನು ಕೊಟ್ಟ ಕಂಬಳಿ ಹೊದ್ದು ಕೂತೆವು. ಮಿಂಚು ಅಷ್ಟು ದೂರದಲ್ಲಿ ಹೊಡೆಯುತ್ತಿತ್ತು, ಗುಡುಗೇ ಕೇಳಿಸುತ್ತಿರಲಿಲ್ಲ. ಒದ್ದೆ ಕಂಬಳಿಯ ವಾಸನೆ ಕಾರಿನಲ್ಲಿ ಇನ್ನೂ ಇದೆ. ಇರಲಿ ಅಂತ ಬಿಟ್ಟಿದ್ದೇನೆ.

ಈಗ ನಿನಗೆ ಹೇಳಲೇಬೇಕಾದ ವಿಷಯ. ಮೂರನೇ ದಿನ ದೊಡ್ಡ ರಸ್ತೆ ಬಿಟ್ಟು ಮಣ್ಣು ರಸ್ತೆಗೆ ಇಳಿದೆವು. ಎರಡೂ ಕಡೆ ಜೋಳ ಕಣೋ! ಮುಸುಕಿನ ಜೋಳ ಅಲ್ಲ, ನಮ್ಮ ರೊಟ್ಟಿ ಜೋಳದ ಜಾತಿ. ಸೊಂಟದೆತ್ತರದ ಗಿಡ, ಕೆಂಪಗೆ ತಿರುಗುತ್ತಿದ್ದ ತೆನೆ. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವುದು ಕಾನ್ಸಾಸ್ ರಾಜ್ಯವೇ ಅಂತೆ. ರಸ್ತೆ ಅಂಚಿಗೆ ಬಿದ್ದು ಹುಟ್ಟಿದ್ದ ಒಂದು ತೆನೆಯ ಕಾಳನ್ನು ಉಗುರಿನಲ್ಲಿ ಒತ್ತಿದೆ. ಹಾಲು ಚಿಮ್ಮಿತು. ಸುಟ್ಟು ತಿನ್ನುವ ಎಳೆಗಾಳು, ನಮ್ಮ ಸೀತನಿಗೆ ಸರಿಯಾದ ಹದ.

ಅಷ್ಟರಲ್ಲಿ ಹೊಲದವರು ಪಿಕಪ್ ನಿಲ್ಲಿಸಿದರು. ಎಪ್ಪತ್ತರ ಹತ್ತಿರದ ಅಜ್ಜ. ಕಾರು ಕೆಟ್ಟಿದೆಯಾ ಅಂತ ವಿಚಾರಿಸಿದರು. ಜೋಳಕ್ಕೆ ಅವರು ಮೈಲೋ ಅನ್ನುತ್ತಾರೆ. ದನಕ್ಕೆ ಹಾಕುತ್ತಾರೆ, ಎಥನಾಲ್ ಮಾಡುವುದಕ್ಕೆ ಕೊಡುತ್ತಾರೆ. ಮನುಷ್ಯರು ತಿನ್ನುವುದನ್ನು ಅವರು ನೋಡಿಯೇ ಇರಲಿಲ್ಲ. ದಾರಿಗೆಂದು ನಾವು ಕಟ್ಟಿಕೊಂಡಿದ್ದ ಕಡಕ್ ರೊಟ್ಟಿಯ ಡಬ್ಬಿ ತೆಗೆದೆ. ಒಂದು ಚೂರು ಮುರಿದು, ಶೇಂಗಾ ಚಟ್ನಿಪುಡಿ ಉದುರಿಸಿ ಕೊಟ್ಟೆ. ಅವರು ನಿಧಾನವಾಗಿ ಅಗಿದು, ಹೊಲದ ಕಡೆ ನೋಡಿ, ಮತ್ತೆ ರೊಟ್ಟಿ ನೋಡಿದರು. "ಇದರಿಂದಲೇನಾ?" ಅಂದರು. ಹೂಂ ಅಂದೆ. ಇನ್ನೊಂದು ರೊಟ್ಟಿ ಕೇಳಿ ಇಸಿದುಕೊಂಡು, ಹೆಂಡತಿಗೆ ತೋರಿಸಬೇಕು ಅಂತ ಕರ್ಚೀಫಿನಲ್ಲಿ ಸುತ್ತಿ ಪಕ್ಕದ ಸೀಟಿನ ಮೇಲಿಟ್ಟರು.

ಡೆನ್ವರ್ ಚೆನ್ನಾಗಿತ್ತು. ಬೆಟ್ಟಗಳನ್ನು ಎಲ್ಲರೂ ಹೊಗಳುತ್ತಾರೆ, ನಾನೇನು ಬರೆಯಲಿ.

ನಿನ್ನ ಕಡೆ ಈ ಸಲ ಮಳೆ ಹೇಗೆ? ಹೊಲಕ್ಕೆ ಏನು ಬಿತ್ತಿದ್ದೀಯ? ಕಾವಲಿನಲ್ಲಿ ಉಳಿದ ಕಡೆ ಹುಲ್ಲು ಎಷ್ಟು ಎತ್ತರ ಬಂದಿದೆ, ಒಂದು ಸಲ ಹೋಗಿ ನೋಡಿ ಬರೆ.

ನಿನ್ನವ