ಆ ಒಂದು ಸಾಲನ್ನು ತೆಗೆಸಿ, ಸಚಿವರೇ

ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ,

2015ರ ಬಾಲನ್ಯಾಯ ಕಾಯ್ದೆಯ 15ನೇ ಕಲಂ ತಮಗೆ ಗೊತ್ತೇ ಇದೆ. ಘೋರ ಅಪರಾಧದ ಆರೋಪ ಹೊತ್ತ, 16 ತುಂಬಿದ ಹುಡುಗನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಬೇಕೇ ಎಂದು ತಿಳಿಯಲು ನಡೆಸುವ ಪ್ರಾಥಮಿಕ ಮೌಲ್ಯಮಾಪನದಲ್ಲಿ ಬಾಲನ್ಯಾಯ ಮಂಡಳಿ ನೋಡಬೇಕಾದದ್ದು ಕೃತ್ಯ ಎಸಗುವ ಮಾನಸಿಕ, ದೈಹಿಕ ಸಾಮರ್ಥ್ಯ, ಪರಿಣಾಮ ಅರಿಯುವ ಶಕ್ತಿ ಮತ್ತು ಆಗಿನ ಸಂದರ್ಭ. ಅಷ್ಟೇ. ಮುಂದೆಯೂ ತಪ್ಪು ಮಾಡುತ್ತಾನಾ ಎಂದು ಕಣಿ ಹೇಳಲು ಅಲ್ಲಿ ಯಾರೂ ಕೇಳಿಲ್ಲ.

ಆದರೂ ಇದಕ್ಕಾಗಿ ಮಂಡಳಿಗೆ ಕೊಡುವ ಮನಶ್ಶಾಸ್ತ್ರೀಯ ವರದಿಗಳ ಕೊನೆಗೆ ವರ್ಷಗಳಿಂದ ಇದೇ ಸಾಲು: "ಬಹಿರ್ಮುಖಿ, ದುಡುಕು ಸ್ವಭಾವ, ಮರುಅಪರಾಧದ ಸಾಧ್ಯತೆ ಹೆಚ್ಚು." ಒಂದೇ ಪ್ರಕರಣದ ಮೂವರು ಹುಡುಗರ ವರದಿಗಳಲ್ಲಿ ಈ ಸಾಲು ಕಾಗುಣಿತದ ತಪ್ಪಿನ ಸಮೇತ ಒಂದೇ ಥರ ಇತ್ತು. ಮೂವರಿಗೂ ಒಂದೇ ವ್ಯಕ್ತಿತ್ವ! ಕಂಪ್ಯೂಟರಿಗೆ ನಮ್ಮ ಅಭಿನಂದನೆ.

ಇದು ಹುಟ್ಟುವ ಬಗೆ ಹೀಗೆ. ವ್ಯಕ್ತಿತ್ವ ಅಳೆಯುವ ಇಂಗ್ಲಿಷ್ ಪ್ರಶ್ನಾವಳಿಯನ್ನು ಪರೀಕ್ಷಕರು ಕೂತಲ್ಲೇ ಕನ್ನಡಕ್ಕೆ ತಿರುಗಿಸುತ್ತಾರೆ. ವಿಚಾರಣೆಯ ವೇಳೆ ಮಕ್ಕಳನ್ನು ಇರಿಸುವ ವೀಕ್ಷಣಾಲಯಕ್ಕೆ ಹೊಸದಾಗಿ ಬಂದ, ನಿದ್ದೆಗೆಟ್ಟ ಹುಡುಗ ಬೇಗ ಮುಗಿದರೆ ಸಾಕೆಂದು ಎಲ್ಲಕ್ಕೂ "ಹೌದು ಸಾರ್" ಎನ್ನುತ್ತಾನೆ. ಆ ಹೌದುಗಳನ್ನು ಕೂಡಿ, ಹೊರದೇಶದ ಮಕ್ಕಳ ಸರಾಸರಿಗೆ ಹೋಲಿಸಿದರೆ ದುಡುಕು ಸ್ವಭಾವ ಸಿದ್ಧ.

ದಯವಿಟ್ಟು ಆ ಸಾಲನ್ನು ತೆಗೆಸಿ.

ಪರೀಕ್ಷೆ ಚೆನ್ನಾಗಿಯೇ ಇದೆ ಎನ್ನೋಣ. 100 ಹುಡುಗರಲ್ಲಿ 20 ಮಂದಿ ಮತ್ತೆ ತಪ್ಪು ಮಾಡುವವರು, ಪರೀಕ್ಷೆ ಎರಡೂ ಕಡೆ 75% ಸರಿ ಎಂದಿಟ್ಟುಕೊಳ್ಳಿ. ಅದು 20ರಲ್ಲಿ 15 ಮಂದಿಯನ್ನು ಹಿಡಿಯುತ್ತದೆ, ಉಳಿದ 80ರಲ್ಲಿ 20 ಮಂದಿಗೆ ಸುಮ್ಮನೆ ಮುದ್ರೆ ಒತ್ತುತ್ತದೆ. ಅಪಾಯಕಾರಿ ಎನಿಸಿಕೊಂಡ 35ರಲ್ಲಿ 20 ತಪ್ಪು. ನಮ್ಮ ಪರೀಕ್ಷೆಗಳು ಇಷ್ಟೂ ಚೆನ್ನಾಗಿಲ್ಲ.

ಸಮಾಜವಿರೋಧಿ ವ್ಯಕ್ತಿತ್ವದೋಷ ಎಂಬ ರೋಗನಿರ್ಣಯವನ್ನು 18ಕ್ಕೆ ಮುಂಚೆ ಅಮೆರಿಕದ ಮನೋರೋಗ ನಿರ್ಣಯದ ಕೈಪಿಡಿ ಡಿಎಸ್‌ಎಂ-5 ಒಪ್ಪುವುದೇ ಇಲ್ಲ. ಹದಿಹರೆಯದಲ್ಲಿ ತಪ್ಪು ಮಾಡಿದ ಬಹುಪಾಲು ಹುಡುಗರು ಇಪ್ಪತ್ತು ದಾಟುತ್ತಲೇ ನಿಲ್ಲಿಸುತ್ತಾರೆ. ಅಪಾಯ ಅಳೆಯಲೆಂದೇ ಕೆನಡಾದಲ್ಲಿ ರೂಪಿಸಿದ ವೈಎಲ್‌ಎಸ್ ಮಾಪನದ ಎಂಟು ವಿಭಾಗಗಳಲ್ಲಿ ವ್ಯಕ್ತಿತ್ವ-ವರ್ತನೆ ಒಂದು ಮಾತ್ರ. ಮನೆ, ಶಾಲೆ-ಕೆಲಸ, ಸಹವಾಸ, ನಶೆ ಇವೆಲ್ಲ ಬೇರೆ, ಮತ್ತು ಇವನ್ನು ಬದಲಿಸಲು ಬರುತ್ತದೆ. 15 ದಿನದಲ್ಲಿ ಬರಬೇಕಾದ ಸಾಮಾಜಿಕ ತನಿಖಾ ವರದಿ ಇರುವುದು ಇದಕ್ಕೇ. ಅದು ಬರುವುದು ಯಾವಾಗ ಎಂಬುದೂ ತಮಗೆ ಗೊತ್ತು.

ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರದ ಪರಿಣತರಿಲ್ಲದಿದ್ದರೆ ಅನುಭವಿ ತಜ್ಞರ ನೆರವು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2022ರ ಜುಲೈನಲ್ಲೇ ಹೇಳಿದೆ. ಅರ್ಧ ಗಂಟೆಗೆ ಕರೆಸಿ ಸಹಿ ಹಾಕಿಸಿಕೊಳ್ಳುವುದು ನೆರವಲ್ಲ.

ಒಂದು ಪುಟದ ಸುತ್ತೋಲೆ ಸಾಕು: 15ನೇ ಕಲಮಿನ ವರದಿಯಲ್ಲಿ ವ್ಯಕ್ತಿತ್ವದ ಮಾದರಿ ಬೇಡ, ಮರುಅಪರಾಧದ ಭವಿಷ್ಯ ಬೇಡ, ಬಳಸಿದ ಪರೀಕ್ಷೆಯ ಹೆಸರು, ಭಾಷೆ, ಹಿಡಿದ ಸಮಯ ನಮೂದಾಗಲಿ. ಈಗಾಗಲೇ ಮಂಡಳಿಗಳ ಮುಂದಿರುವ ವರದಿಗಳಿಂದಲೂ ಆ ಸಾಲನ್ನು ತೆಗೆಸಿ.

ಇತಿ,
ಬಾಲನ್ಯಾಯ ಕ್ಷೇತ್ರದ ಮನಶ್ಶಾಸ್ತ್ರಜ್ಞರು